ವಿರಳ ಘಟನೆಗಳ ಎಣಿಕೆ: ಪ್ವಾಸೊನ್ ವಿತರಣೆಯನ್ನು ಕುರಿತು ಪಠ್ಯ ಹಾಗೂ ಶಾಸನ ಸಂಶೋಧಕರಿಗೆ ಒಂದು ವಿವರಣೆ

ಕನ್ನಡ ಸಂಶೋಧನ ಪ್ರಬಂಧಗಳನ್ನು ಓದುವಾಗ ಎರಡು ಬಗೆಯ ತೀರ್ಮಾನಗಳು ನಮಗೆ ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಕಾವ್ಯಾಧ್ಯಯನಕ್ಕೆ ಸೇರಿದ್ದು: ಇಡೀ ಕಾವ್ಯದಲ್ಲಿ ಹತ್ತಾರು ಕಡೆ ಮಾತ್ರ ಬರುವ ಒಂದು ಪದ ಈ ಆಶ್ವಾಸವೊಂದರಲ್ಲಿಯೇ ಮೂರು ಸಲ ಬಂದಿದೆ, ಆದ್ದರಿಂದ ಕವಿ ಇಲ್ಲಿ ಅದನ್ನು ಉದ್ದೇಶಪೂರ್ವಕವಾಗಿ ಬಳಸಿದ್ದಾನೆ. ಇನ್ನೊಂದು ಶಾಸನಾಧ್ಯಯನಕ್ಕೆ ಸೇರಿದ್ದು: ಈ ಸೀಮೆಯಲ್ಲಿ ಇಂತಿಂಥ ದಶಕಕ್ಕೆ ಸೇರಿದ ಶಾಸನ ಒಂದೂ ದೊರೆತಿಲ್ಲ, ಆದ್ದರಿಂದ ಅಲ್ಲಿ ಆಗ ರಾಜಕೀಯ ಕ್ಷೋಭೆ ಇದ್ದಿರಬೇಕು. ಎರಡು ತೀರ್ಮಾನಗಳೂ ಸರಿಯಿರಬಹುದು. ಆದರೆ ಎರಡರಲ್ಲಿಯೂ ‘ಆದ್ದರಿಂದ’ ಎಂಬ ಮಾತು ಹೊತ್ತಿರುವ ಭಾರ ಸಣ್ಣದಲ್ಲ. ಯಾವ ಉದ್ದೇಶವೂ ಯಾವ ಕ್ಷೋಭೆಯೂ ಇಲ್ಲದೆ, ಕೇವಲ ಆಕಸ್ಮಿಕವಾಗಿ, ಒಂದು ಕಡೆ ಮೂರು ಬರುವ ಅಥವಾ ಒಂದು ದಶಕ ಬರಿದಾಗುವ ಸಂಭವ ಎಷ್ಟು ಎಂಬುದನ್ನು ಲೆಕ್ಕ ಹಾಕಿದ ಬಳಿಕವೇ ಆ ಮಾತನ್ನು ಬಳಸಲು ನಮಗೆ ಅಧಿಕಾರ ಬರುತ್ತದೆ. ಈ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹಳೆಯದೂ ಸರಳವೂ ಆದ ಒಂದು ಉಪಕರಣವಿದೆ. ಅದನ್ನು ಪರಿಚಯಿಸುವುದು, ಅದು ನಮ್ಮ ಸಾಮಗ್ರಿಗೆ ಎಲ್ಲಿಯವರೆಗೆ ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಗಣಿತವನ್ನು ಬಿಟ್ಟು ಬಹುಕಾಲವಾದವರಿಗೂ ಇಲ್ಲಿಯ ಲೆಕ್ಕಗಳು ತೊಡಕಾಗಲಾರವು ಎಂದು ನಾವು ಭಾವಿಸಿದ್ದೇವೆ.

ಈ ವಿತರಣೆ ಫ್ರಾನ್ಸಿನ ಗಣಿತಜ್ಞ ಸಿಮೆಯೊನ್ ದೆನಿ ಪ್ವಾಸೊನ್ (1781–1840) ಅವನ ಹೆಸರನ್ನು ಪಡೆದಿದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ‘ಪಾಯ್ಸಾನ್’ ಎಂದು ಕರೆಯುವುದು ರೂಢಿ. ಫ್ರೆಂಚ್ ಉಚ್ಚಾರಣೆಗೆ ಹತ್ತಿರವಾದ ರೂಪವನ್ನು ನಾವು ಇಲ್ಲಿ ಇಟ್ಟುಕೊಂಡಿದ್ದೇವೆ. ನ್ಯಾಯಾಲಯಗಳ ತೀರ್ಪುಗಳಲ್ಲಿ ಸಂಭವನೀಯತೆಯ ಪಾತ್ರವನ್ನು ಕುರಿತು ಅವನು 1837ರಲ್ಲಿ ಪ್ರಕಟಿಸಿದ ಗ್ರಂಥದ ಒಂದು ಸಣ್ಣ ಭಾಗದಲ್ಲಿ ಈ ಸೂತ್ರ ಬರುತ್ತದೆ. ಅದಕ್ಕೂ ಮೊದಲೇ, 1711ರಲ್ಲಿ, ಅಬ್ರಹಾಂ ದ ಮ್ವಾವ್ರ್ ಇದೇ ಫಲಿತಾಂಶವನ್ನು ಸಮೀಪಿಸಿದ್ದನು. ಹೆಸರು ಮಾತ್ರ ಪ್ವಾಸೊನ್‌ನ ಪಾಲಿಗೆ ಬಂದಿತು.

ಸೂತ್ರದ ಹಿಂದಿನ ಕಲ್ಪನೆ ಇಷ್ಟು. ಒಂದು ಘಟನೆ ಸಂಭವಿಸಲು ಅವಕಾಶಗಳು ಅಸಂಖ್ಯಾತ. ಆದರೆ ಒಂದೊಂದು ಅವಕಾಶದಲ್ಲಿಯೂ ಅದು ಸಂಭವಿಸುವ ಸಾಧ್ಯತೆ ಅತ್ಯಲ್ಪ. ಒಮ್ಮೆ ಸಂಭವಿಸಿದ್ದು ಇನ್ನೊಮ್ಮೆ ಸಂಭವಿಸುವುದಕ್ಕೆ ಒತ್ತಾಸೆಯೂ ಅಲ್ಲ, ಅಡ್ಡಿಯೂ ಅಲ್ಲ. ಸಂಭವಿಸುವ ದರ ಎಲ್ಲೆಡೆಯೂ ಒಂದೇ. ಈ ನಿಬಂಧನೆಗಳು ನಿಂತರೆ, ಸಮಾನ ಘಟಕಗಳಲ್ಲಿ—ಸಮಾನ ಕಾಲಾವಧಿ, ಸಮಾನ ವಿಸ್ತೀರ್ಣ, ಸಮಾನ ಉದ್ದದ ಪಠ್ಯಭಾಗ, ಯಾವುದೇ ಇರಲಿ—ಘಟನೆ ಶೂನ್ಯ ಸಲ, ಒಂದು ಸಲ, ಎರಡು ಸಲ ಕಾಣಿಸಿಕೊಳ್ಳುವ ಸಂಭವನೀಯತೆಗಳನ್ನೆಲ್ಲ ನಿರ್ಧರಿಸಲು ಸರಾಸರಿಯೊಂದು ಗೊತ್ತಿದ್ದರೆ ಸಾಕು. ಸ್ವಾಭಾವಿಕ ಲಘುಗಣಕದ ಆಧಾರಸಂಖ್ಯೆಯಾದ 2.718ನ್ನು ಸರಾಸರಿಯ ಘಾತಕ್ಕೆ ಏರಿಸಿ, ಅದರಿಂದ ಒಂದನ್ನು ಭಾಗಿಸಿದರೆ ಶೂನ್ಯದ ಸಂಭವನೀಯತೆ ದೊರೆಯುತ್ತದೆ. ಅದನ್ನು ಸರಾಸರಿಯಿಂದ ಗುಣಿಸಿದರೆ ಒಂದರದ್ದು. ಆ ಉತ್ತರವನ್ನು ಸರಾಸರಿಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಎರಡರದ್ದು. ಅದನ್ನು ಮತ್ತೆ ಸರಾಸರಿಯಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಮೂರರದ್ದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯಬಹುದು. ಸಾಮಾನ್ಯ ಕ್ಯಾಲ್ಕ್ಯುಲೇಟರಿನಲ್ಲಿ ಐದು ನಿಮಿಷದ ಕೆಲಸ.

ಸೂತ್ರ ಪ್ರಕಟವಾಗಿ ಅರುವತ್ತು ವರ್ಷಗಳ ಬಳಿಕ ಅದಕ್ಕೆ ಒಂದು ಪ್ರಸಿದ್ಧ ಉದಾಹರಣೆ ದೊರೆಯಿತು. ನಮ್ಮ ವಿಷಯಕ್ಕೆ ಅದು ದೂರದ್ದಾದರೂ ವಾದದ ಸ್ವರೂಪ ಅದರಲ್ಲಿ ಸ್ಫುಟವಾಗಿ ಕಾಣುವುದರಿಂದ ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ. ಲಾಡಿಸ್ಲಾಸ್ ಬೋರ್ಟ್ಕೆವಿಚ್ 1898ರಲ್ಲಿ ‘ಸಣ್ಣ ಸಂಖ್ಯೆಗಳ ನಿಯಮ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಟ್ಟ ಜರ್ಮನ್ ಪುಸ್ತಕವನ್ನು ಪ್ರಕಟಿಸಿದನು. ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಸತ್ತವರ ಲೆಕ್ಕ ಅದರಲ್ಲಿದೆ. 1875ರಿಂದ 1894ರವರೆಗಿನ 20 ವರ್ಷಗಳ ಅಂಕಿಅಂಶಗಳಲ್ಲಿ, ರಚನೆಯಲ್ಲಿ ಪರಸ್ಪರ ಹೋಲುವ 10 ಸೇನಾದಳಗಳನ್ನು ತೆಗೆದುಕೊಂಡರೆ ಒಟ್ಟು 200 ‘ದಳ-ವರ್ಷ’ಗಳಾಗುತ್ತವೆ, ಸತ್ತವರು 122 ಮಂದಿ. ಅಂದರೆ ಒಂದು ದಳಕ್ಕೆ ವರ್ಷಕ್ಕೆ ಸರಾಸರಿ 0.61. ಯಾವ ಸಾವೂ ಸಂಭವಿಸದ ದಳ-ವರ್ಷಗಳು 109. ಪ್ವಾಸೊನ್ ಸೂತ್ರದಂತೆ ಬರಬೇಕಾದದ್ದು 108.7. ಒಂದು ಸಾವು ಸಂಭವಿಸಿದವು 65, ನಿರೀಕ್ಷೆ 66.3. ಎರಡು ಸಂಭವಿಸಿದವು 22, ನಿರೀಕ್ಷೆ 20.2. ಮೂರು ಸಂಭವಿಸಿದವು 3, ನಿರೀಕ್ಷೆ 4.1. ನಾಲ್ಕು ಸಾವು ಸಂಭವಿಸಿದ್ದು ಒಂದೇ ಒಂದು, ನಿರೀಕ್ಷೆ 0.6.

ಕೊನೆಯ ಅಂಕಿಯ ಬಳಿ ಕೊಂಚ ನಿಲ್ಲೋಣ. ವರ್ಷವೊಂದರಲ್ಲಿ ನಾಲ್ವರು ಕುದುರೆಯ ಒದೆತಕ್ಕೆ ಬಲಿಯಾದ ಆ ದಳದ ಲಾಯದಲ್ಲಿ ಆಗ ಯಾರ ಮೇಲಾದರೂ ದೋಷಾರೋಪ ನಡೆದಿರಬಹುದು. ಕುದುರೆಗಳು ಕೆಟ್ಟವು ಎಂದೋ, ಅಧಿಕಾರಿ ಅಜಾಗರೂಕನೆಂದೋ ಕಾರಣ ಹುಡುಕುವುದು ಮನುಷ್ಯಸಹಜ. ಆದರೆ 200 ದಳ-ವರ್ಷಗಳ ಒಟ್ಟು ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಅಂಥದೊಂದು ವರ್ಷ ಎಲ್ಲೋ ಒಂದು ಕಡೆ ಬರುವುದು ನಿರೀಕ್ಷಿತವೇ ಆಗಿದೆ. ಆ ವರ್ಷ ಯಾವುದೋ ಒಂದು ದಳದ ಪಾಲಿಗೆ ಬರಲೇಬೇಕಿತ್ತು. ಅದು ಯಾವ ದಳ ಎಂಬುದಕ್ಕೆ ಮಾತ್ರ ಈ ಅಂಕಿಗಳಲ್ಲಿ ಕಾರಣವಿಲ್ಲ.

ಕಾಲದಲ್ಲಿ ನಿಜವಾದದ್ದು ಸ್ಥಳದಲ್ಲಿಯೂ ನಿಜ. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1944ರ ಜೂನ್‌ನಿಂದ, ಜರ್ಮನಿಯ ಹಾರುವ ಬಾಂಬುಗಳು ಲಂಡನ್ನಿನ ಮೇಲೆ ಬೀಳತೊಡಗಿದಾಗ ಅವು ಕೆಲವು ಬಡಾವಣೆಗಳ ಮೇಲೆಯೇ ಗುಂಪುಗುಂಪಾಗಿ ಬೀಳುತ್ತಿವೆ ಎಂಬ ನಂಬಿಕೆ ಹರಡಿತು. ಇದು ನಿಜವಾಗಿದ್ದರೆ ಆ ಅಸ್ತ್ರಕ್ಕೆ ಗುರಿ ಹಿಡಿಯುವ ಸಾಮರ್ಥ್ಯವಿದೆಯೆಂದು ಅರ್ಥವಾಗುತ್ತಿತ್ತು. ವಿಮಾಗಣಿತಜ್ಞ ಆರ್. ಡಿ. ಕ್ಲಾರ್ಕ್ 1946ರಲ್ಲಿ ಒಂದು ಪುಟದಷ್ಟು ಚಿಕ್ಕ ಟಿಪ್ಪಣಿಯಲ್ಲಿ ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದನು. ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಪ್ರದೇಶವನ್ನು ಕಾಲು ಚದರ ಕಿಲೋಮೀಟರಿನ 576 ಚೌಕಗಳನ್ನಾಗಿ ವಿಂಗಡಿಸಿ, ಅಲ್ಲಿ ಬಿದ್ದಿದ್ದ 537 ಬಾಂಬುಗಳನ್ನು ಚೌಕವಾರು ಎಣಿಸಿದನು. ಒಂದೂ ಬೀಳದ ಚೌಕಗಳು 229 (ನಿರೀಕ್ಷೆ 226.7), ಒಂದು ಬಿದ್ದವು 211 (211.4), ಎರಡು ಬಿದ್ದವು 93 (98.5), ಮೂರು ಬಿದ್ದವು 35 (30.6), ನಾಲ್ಕು ಬಿದ್ದವು 7 (7.1), ಐದು ಅಥವಾ ಅದಕ್ಕಿಂತ ಹೆಚ್ಚು ಬಿದ್ದದ್ದು 1 (1.6). ಗುಂಪುಗಳು ಕಣ್ಣಿಗೆ ಕಂಡದ್ದು ಸುಳ್ಳಲ್ಲ; ಅವುಗಳ ಹಿಂದೆ ಗುರಿಯಿದೆ ಎಂಬ ಊಹೆ ಮಾತ್ರ ಆಧಾರರಹಿತವಾಗಿತ್ತು. ಆಕಸ್ಮಿಕವೆಂದರೆ ಸಮನಾಗಿ ಚೆಲ್ಲಿದಂತಿರಬೇಕು ಎಂಬ ನಮ್ಮ ಕಲ್ಪನೆಯೇ ತಪ್ಪು. ಅಂಗಳದಲ್ಲಿ ಎರಚಿದ ಕಾಳು ಒಂದು ಕಡೆ ರಾಶಿಯಾಗಿ, ಇನ್ನೊಂದು ಕಡೆ ಬಯಲಾಗಿ ಬೀಳುತ್ತದೆ. ಸಾಲಾಗಿ ಬಿದ್ದರೆ ಅದನ್ನು ಯಾರೋ ನೆಟ್ಟಿದ್ದಾರೆಂದು ತಿಳಿಯಬೇಕು. ಯೀಸ್ಟ್ ಕೋಶಗಳ ಎಣಿಕೆ (1907), ಕೋಪನ್‌ಹೇಗನ್ನಿನ ದೂರವಾಣಿ ಕರೆಗಳು (1909), ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಆಲ್ಫಾ ಕಣಗಳು (1910)—ಇವುಗಳಲ್ಲೆಲ್ಲ ಇದೇ ವಿತರಣೆ ಉಪಯೋಗಕ್ಕೆ ಬಂದಿರುವುದನ್ನು ಇಲ್ಲಿ ಹೆಸರಿಸಿ ಮುಂದುವರಿಯುತ್ತೇವೆ.

ಇನ್ನು ನಮ್ಮ ಸಾಮಗ್ರಿ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ 14 ಆಶ್ವಾಸಗಳಿವೆ. ಅದರಲ್ಲಿ ಒಟ್ಟು 14 ಸಲ ಮಾತ್ರ ಬರುವ ಒಂದು ಪದವನ್ನು ಕಲ್ಪಿಸಿಕೊಳ್ಳೋಣ. ಇದು ವಾದಕ್ಕಾಗಿ ಕಲ್ಪಿಸಿದ ಪದವೇ ಹೊರತು ಎಣಿಸಿ ತೆಗೆದದ್ದಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆಶ್ವಾಸಗಳು ಸಮಾನ ಉದ್ದದವು ಎಂದು ಸದ್ಯಕ್ಕೆ ಇಟ್ಟುಕೊಂಡರೆ ಸರಾಸರಿ ಆಶ್ವಾಸಕ್ಕೆ ಒಂದು. ಕವಿಗೆ ಆ ಪದದ ಬಗ್ಗೆ ಯಾವ ವಿಶೇಷ ಒಲವೂ ಇಲ್ಲದೆ ಅದು ಬಂದಲ್ಲಿ ಬಂದಿದ್ದರೆ, ಆಶ್ವಾಸವಾರು ಹಂಚಿಕೆ ಹೇಗಿರಬೇಕು? ಆಶ್ವಾಸಕ್ಕೊಂದರಂತೆ ಇರಬೇಕೆಂದು ಥಟ್ಟನೆ ತೋರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಪದ ಒಮ್ಮೆಯೂ ಬಾರದ ಆಶ್ವಾಸಗಳು ಸುಮಾರು 5. ಒಮ್ಮೆ ಬರುವವು 5. ಎರಡು ಸಲ ಬರುವವು 2 ಅಥವಾ 3. ಮೂರು ಸಲ ಬರುವುದು ಒಂದು. ಎಲ್ಲ ಆಶ್ವಾಸಗಳಲ್ಲಿಯೂ ಕರಾರುವಾಕ್ಕಾಗಿ ಒಂದೊಂದೇ ಬರುವ ಸಂಭವ 1,27,000ಕ್ಕೆ ಸುಮಾರು ಒಂದರಷ್ಟು ಮಾತ್ರ. ಹಾಗೆ ಬಂದಿದ್ದರೆ ಅಲ್ಲಿ ಕವಿಯ ಉದ್ದೇಶವನ್ನು ನಿಜವಾಗಿಯೂ ಹುಡುಕಬೇಕಾಗುತ್ತಿತ್ತು! ಐದು ಆಶ್ವಾಸಗಳಲ್ಲಿ ಪದ ಇಲ್ಲದಿರುವುದಕ್ಕೂ ಒಂದರಲ್ಲಿ ಮೂರು ಸಲ ಬಂದಿರುವುದಕ್ಕೂ ಪ್ರತ್ಯೇಕ ವಿವರಣೆ ಬೇಕಾಗಿಯೇ ಇಲ್ಲ. ಲೇಖನದ ಮೊದಲಲ್ಲಿ ಹೇಳಿದ ‘ಮೂರು ಸಲ’ದ ವಾದ ಇಲ್ಲಿಗೆ ಕುಸಿಯುತ್ತದೆ.

ಹಾಗಿದ್ದರೆ ಎಷ್ಟು ಸಲ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು? ಇದಕ್ಕೊಂದು ಸುಲಭದ ಪರೀಕ್ಷೆಯಿದೆ. ಪ್ವಾಸೊನ್ ವಿತರಣೆಯಲ್ಲಿ ಸರಾಸರಿಯೂ ವೇರಿಯನ್ಸ್ ಎಂಬ ಅಳತೆಯೂ ಒಂದೇ ಆಗಿರುತ್ತವೆ. ವೇರಿಯನ್ಸ್ ಎಂದರೆ ಪ್ರತಿಯೊಂದು ಎಣಿಕೆಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡುಕೊಂಡು, ಆ ದೂರಗಳ ವರ್ಗಗಳನ್ನು ಸರಾಸರಿ ಮಾಡಿದಾಗ ದೊರೆಯುವ ಸಂಖ್ಯೆ. ಇದಕ್ಕೆ ಕನ್ನಡದಲ್ಲಿ ಹಲವು ಪಾರಿಭಾಷಿಕಗಳಿದ್ದು ಯಾವುದೂ ಸ್ಥಿರವಾಗಿಲ್ಲ. ನಾವು ಇಲ್ಲಿ ‘ಚೆದರಿಕೆ’ ಎನ್ನುತ್ತೇವೆ. ಕುದುರೆ ಒದೆತದ ಅಂಕಿಗಳಲ್ಲಿ ಸರಾಸರಿ 0.61, ಚೆದರಿಕೆಯೂ 0.61. ಚೆದರಿಕೆ ಸರಾಸರಿಗಿಂತ ಬಹಳ ಹೆಚ್ಚಾಗಿದ್ದರೆ ಘಟನೆಗಳು ಗುಂಪುಗೂಡುತ್ತಿವೆ. ಬಹಳ ಕಡಿಮೆಯಾಗಿದ್ದರೆ ಯಾವುದೋ ನಿಯಮ ಅವುಗಳನ್ನು ದೂರ ದೂರ ಇಡುತ್ತಿದೆ. ನಮ್ಮ ಕಲ್ಪಿತ ಪದಕ್ಕೆ ಬಂದರೆ, 14 ಆಶ್ವಾಸಗಳ ದೂರವರ್ಗಗಳ ಮೊತ್ತವನ್ನು ಸರಾಸರಿಯಿಂದ ಭಾಗಿಸಿದಾಗ ಬರುವ ಸಂಖ್ಯೆ ಆಕಸ್ಮಿಕ ಹಂಚಿಕೆಯಲ್ಲಿ ಸುಮಾರು 13ರ ಆಸುಪಾಸಿನಲ್ಲಿರುತ್ತದೆ; 22.4ನ್ನು ಮೀರುವುದು ನೂರಕ್ಕೆ ಐದು ಸಲ ಮಾತ್ರ. ಕಾರ್ಲ್ ಪಿಯರ್ಸನ್ 1900ರಲ್ಲಿ ರೂಪಿಸಿದ ಕೈವರ್ಗ ಪರೀಕ್ಷೆಯ ಕೋಷ್ಟಕದಿಂದ ಈ ಎಲ್ಲೆ ದೊರೆಯುತ್ತದೆ. ಇಷ್ಟು ಸಣ್ಣ ಎಣಿಕೆಗಳಿಗೆ ಅದು ಅಂದಾಜು ಮಾತ್ರ, ಆದರೂ ಕೆಲಸಕ್ಕೆ ಸಾಕು. ಒಂದು ಆಶ್ವಾಸದಲ್ಲಿ 4, ಇನ್ನೊಂದರಲ್ಲಿ 3, ಎರಡರಲ್ಲಿ ಎರಡೆರಡು, ಮೂರರಲ್ಲಿ ಒಂದೊಂದು, ಉಳಿದ ಏಳು ಆಶ್ವಾಸಗಳಲ್ಲಿ ಶೂನ್ಯ ಎಂದಿಟ್ಟುಕೊಳ್ಳಿ. ಅರ್ಧ ಕಾವ್ಯದಲ್ಲಿ ಪದವೇ ಇಲ್ಲ; ನೋಡಿದವರೆಲ್ಲ ಬೆರಗಾಗುವಂಥ ಅಸಮತೆ. ಲೆಕ್ಕ ಮಾಡಿದರೆ 22 ಬರುತ್ತದೆ. ಎಲ್ಲೆಯ ಅಂಚಿನಲ್ಲಿದ್ದರೂ ಅದನ್ನು ದಾಟಿಲ್ಲ. ಬದಲಾಗಿ ಎಂಟು ಒಂದರಲ್ಲಿ, ಆರು ಇನ್ನೊಂದರಲ್ಲಿ, ಉಳಿದ ಹನ್ನೆರಡರಲ್ಲಿ ಒಂದೂ ಇಲ್ಲ ಎಂದಾದರೆ ಮೊತ್ತ 86. ಆಗ ‘ಆದ್ದರಿಂದ’ ಎನ್ನಲು ನಮಗೆ ನೆಲೆ ಸಿಗುತ್ತದೆ.

ಪದಗಳ ಎಣಿಕೆಗೆ ಈ ವಿಧಾನವನ್ನು ಗಂಭೀರವಾಗಿ ಅನ್ವಯಿಸಿದ ಕೆಲಸಗಳಲ್ಲಿ ಫ್ರೆಡರಿಕ್ ಮೋಸ್ಟೆಲ್ಲರ್ ಮತ್ತು ಡೇವಿಡ್ ವಾಲೇಸ್ ಅವರ 1964ರ ಗ್ರಂಥ ಮುಖ್ಯವಾದುದು. 1787–88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ಬಂದ 85 ‘ಫೆಡರಲಿಸ್ಟ್’ ಲೇಖನಗಳ ಪೈಕಿ 12ರ ಕರ್ತೃ ಹ್ಯಾಮಿಲ್ಟನ್ನನೋ ಮ್ಯಾಡಿಸನ್ನನೋ ಎಂಬ ವಿವಾದವಿತ್ತು. ವಿಷಯವನ್ನು ಸೂಚಿಸುವ ಪದಗಳನ್ನು ಬಿಟ್ಟು, ಲೇಖಕ ಗಮನಿಸದೆಯೇ ಬಳಸುವ ಚಿಕ್ಕ ಪದಗಳನ್ನು ಅವರು ಎಣಿಸಿದರು. ‘ಅಪಾನ್’ ಎಂಬ ಒಂದು ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಮೂರರಂತೆ ಬಳಸುತ್ತಾನೆ. ಮ್ಯಾಡಿಸನ್ನನಲ್ಲಿ ಅದು ಸಾವಿರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಇಂಥ ಹಲವು ಪದಗಳ ಸಾಕ್ಷ್ಯವನ್ನು ಕೂಡಿಸಿ ಹನ್ನೆರಡೂ ಮ್ಯಾಡಿಸನ್ನನವು ಎಂಬ ತೀರ್ಮಾನಕ್ಕೆ ಅವರು ಬಂದರು. ನಮಗೆ ತೀರ್ಮಾನಕ್ಕಿಂತ ದಾರಿ ಹೆಚ್ಚು ಉಪಯುಕ್ತ. ಪ್ವಾಸೊನ್ ವಿತರಣೆ ಕೆಲವು ಪದಗಳಿಗೆ ಚೆನ್ನಾಗಿ ಹೊಂದಿತು. ಅನೇಕ ಪದಗಳಿಗೆ ಹೊಂದಲಿಲ್ಲ. ಒಬ್ಬನೇ ಲೇಖಕನಲ್ಲಿಯೂ ಪದಬಳಕೆಯ ದರ ಪ್ರಸಂಗದಿಂದ ಪ್ರಸಂಗಕ್ಕೆ ಏರಿಳಿಯುವುದೇ ಇದಕ್ಕೆ ಕಾರಣ. ಆಗ ಅವರು, ದರವೇ ಬದಲಾಗುತ್ತಿರುತ್ತದೆಂಬುದನ್ನು ಒಳಗೊಂಡ ಋಣ ದ್ವಿಪದ ವಿತರಣೆಯನ್ನು ಬಳಸಿದರು. ಸೂತ್ರ ಹೊಂದದೆಹೋದಾಗ ಅದನ್ನು ಬಚ್ಚಿಡದೆ, ಏಕೆ ಹೊಂದಲಿಲ್ಲವೆಂದು ಕೇಳಿದ್ದು ಆ ಗ್ರಂಥದ ದೊಡ್ಡ ಗುಣ.

ಹಳಗನ್ನಡ ಕಾವ್ಯಕ್ಕೆ ಇದನ್ನು ಹೊಂದಿಸಹೊರಟರೆ ತೊಡಕುಗಳು ಸಾಲಾಗಿ ನಿಲ್ಲುತ್ತವೆ. ಮೊದಲನೆಯದು, ಪದವೆಂದರೆ ಯಾವುದು? ಸಂಧಿ ಸಮಾಸಗಳಿಂದ ಹೆಣೆದುಕೊಂಡ ಭಾಷೆಯಲ್ಲಿ ‘ಶರ’ವನ್ನು ಎಣಿಸುವಾಗ ‘ಶರಸಂಧಾನ’, ‘ಶರಶಯನ’ಗಳನ್ನೂ ಎಣಿಸಬೇಕೆ? ಯಾವ ಉತ್ತರವಾದರೂ ಆದೀತು, ಆದರೆ ಎಣಿಕೆ ಆರಂಭವಾಗುವ ಮೊದಲೇ ಅದು ನಿಶ್ಚಯವಾಗಿರಬೇಕು; ನಡುವೆ ಬದಲಾಗಕೂಡದು. ಎರಡನೆಯದು, ಆಶ್ವಾಸಗಳು ಸಮಾನ ಉದ್ದದವಲ್ಲ. ಇಮ್ಮಡಿ ಉದ್ದದ ಆಶ್ವಾಸದಲ್ಲಿ ನಿರೀಕ್ಷೆಯೂ ಇಮ್ಮಡಿ. ಇದನ್ನು ಸರಿಪಡಿಸುವುದು ಕಷ್ಟವಲ್ಲ. ಮೂರನೆಯದು ವಿಷಯದ ಪ್ರಭಾವ: ಯುದ್ಧವರ್ಣನೆ ಕಾವ್ಯದ ಕೊನೆಯ ಭಾಗದಲ್ಲಿ ದಟ್ಟವಾಗಿರುವಾಗ ಬಿಲ್ಲು ಬಾಣಗಳ ಪದಗಳೂ ಅಲ್ಲಿಯೇ ದಟ್ಟವಾಗುತ್ತವೆ. ಅದನ್ನು ಸಾಬೀತುಪಡಿಸಲು ಸಂಖ್ಯಾಶಾಸ್ತ್ರದ ಅಗತ್ಯವಿಲ್ಲ.

ನಾಲ್ಕನೆಯದು ನಮ್ಮ ಕಾವ್ಯಪರಂಪರೆಗೇ ವಿಶಿಷ್ಟವಾದದ್ದು. ಅದಕ್ಕೆ ಹೆಚ್ಚಿನ ಗಮನ ಸಲ್ಲಬೇಕು. ಒಂದು ಸಲ ಬಂದದ್ದು ಮತ್ತೊಂದು ಸಲ ಬರುವುದಕ್ಕೆ ಒತ್ತಾಸೆಯಾಗಬಾರದು ಎಂಬುದು ಪ್ವಾಸೊನ್ ವಿತರಣೆಯ ಮೂಲ ನಿಬಂಧನೆ. ಆದರೆ ಕನ್ನಡ ಪದ್ಯದಲ್ಲಿ ಪ್ರತಿಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಪ್ರಾಸನಿಯಮವಿದೆ. ಒಂದು ಪಾದ ‘ಶರ’ ಎಂದು ಆರಂಭವಾಯಿತೆಂದರೆ ಉಳಿದ ಪಾದಗಳು ‘ಕರ’, ‘ನರ’, ‘ಸುರ’, ‘ಧರೆ’ಗಳತ್ತ ಕೈಚಾಚುವುದು ಸಹಜ. ಅಂದರೆ ಪಾದಾದಿಯಲ್ಲಿ ಈ ಪದಗಳು ಪರಸ್ಪರ ಒಂದನ್ನೊಂದು ಎಳೆದು ತರುತ್ತವೆ. ಅವುಗಳ ಎಣಿಕೆ ಸ್ವತಂತ್ರವಲ್ಲ. ಆದ್ದರಿಂದ ಪಾದಾದಿಯ ಪ್ರಯೋಗಗಳನ್ನು ಬೇರೆಯಾಗಿಯೂ ಪಾದಮಧ್ಯದವುಗಳನ್ನು ಬೇರೆಯಾಗಿಯೂ ಎಣಿಸಬೇಕೆಂದು ನಮ್ಮ ಅಭಿಪ್ರಾಯ. ಹಾಗೆಯೇ ‘ಮೇಣ್’, ‘ಮತ್ತಂ’, ‘ಇಂತು’, ‘ಅಂತು’ಗಳಂಥ ಚಿಕ್ಕ ಪದಗಳು ಕರ್ತೃತ್ವದ ಸುಳಿವು ಕೊಡಬಲ್ಲವು ಎಂದು ಆಸೆಪಡುವ ಮುನ್ನ, ‘ಅಂತು’ ಚಂಪೂಕಾವ್ಯದ ವಚನಭಾಗಗಳ ಆರಂಭದಲ್ಲಿ ಬರುವುದು ಎಷ್ಟು ಸಾಮಾನ್ಯವೆಂಬುದನ್ನು ನೆನೆಯಬೇಕು. ಅಂಥ ಎಣಿಕೆ ಅಳೆಯುವುದು ಕವಿಯ ಅಭ್ಯಾಸವನ್ನೋ ವಚನಗಳ ಸಂಖ್ಯೆಯನ್ನೋ ಎಂಬುದು ಪ್ರಶ್ನೆ.

‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೇ ಶ್ರೀವಿಜಯನೇ ಎಂಬ ಚರ್ಚೆಯನ್ನು ಈ ವಿಧಾನದಿಂದ ಮುಗಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಸಾಧ್ಯವಿಲ್ಲ. ಫೆಡರಲಿಸ್ಟ್ ಪ್ರಶ್ನೆ ಬಗೆಹರಿದದ್ದು, ಇಬ್ಬರೂ ನಿರ್ವಿವಾದವಾಗಿ ಬರೆದ ಬೇರೆ ಬರಹಗಳು ರಾಶಿಯಾಗಿ ಉಳಿದಿದ್ದುದರಿಂದ. ಶ್ರೀವಿಜಯನದೆಂದು ಖಚಿತವಾಗಿ ಹೇಳಬಹುದಾದ ಬೇರೊಂದು ಕನ್ನಡ ಕಾವ್ಯ ನಮ್ಮ ಕೈಯಲ್ಲಿಲ್ಲ, ನೃಪತುಂಗನದೂ ಇಲ್ಲ. ಹೋಲಿಸಲು ದರವೇ ಇಲ್ಲದಿರುವಲ್ಲಿ ಯಾವ ವಿತರಣೆಯೂ ನೆರವಿಗೆ ಬಾರದು.

ಶಾಸನಗಳ ಪ್ರಶ್ನೆ ಇದಕ್ಕಿಂತ ಭಿನ್ನ. ಅಲ್ಲಿ ನಾವು ಎಣಿಸುವುದು ಬರೆಯಿಸಿದ ಶಾಸನಗಳನ್ನಲ್ಲ, ಉಳಿದು ಸಿಕ್ಕಿದ ಶಾಸನಗಳನ್ನು. ಒಡೆದುಹೋದವು, ಕೆರೆಯ ತೂಬಿಗೆ ಸೇರಿದವು, ಮನೆಯ ಮೆಟ್ಟಿಲಾದವು, ಕರಗಿಹೋದ ತಾಮ್ರಪಟಗಳು—ಇವು ಲೆಕ್ಕದಲ್ಲಿಲ್ಲ. ಇಲ್ಲಿ ಪ್ವಾಸೊನ್ ವಿತರಣೆಯ ಒಂದು ಸುಂದರ ಗುಣ ಮುಂದೆ ಬರುತ್ತದೆ. ಮೂಲದ ಎಣಿಕೆ ಪ್ವಾಸೊನ್ ಆಗಿದ್ದು, ಪ್ರತಿಯೊಂದೂ ಒಂದೇ ಸಂಭವನೀಯತೆಯಿಂದ, ಇತರವುಗಳ ಹಂಗಿಲ್ಲದೆ, ಉಳಿದಿದ್ದರೆ, ಉಳಿದವುಗಳ ಎಣಿಕೆಯೂ ಪ್ವಾಸೊನ್ ಆಗಿಯೇ ಇರುತ್ತದೆ. ಸರಾಸರಿ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಈ ದಿಕ್ಕಿನಲ್ಲಿ ಆಳವಾದ ಫಲಿತಾಂಶವೊಂದನ್ನು 1964ರಲ್ಲಿ ಹರ್ಮನ್ ರೂಬಿನ್ ಅವರೊಡನೆ ಪ್ರಕಟಿಸಿದವರು ಸಿ. ಆರ್. ರಾವ್ (1920–2023). ತೆಲುಗು ಮನೆಮಾತಿನ ಅವರು ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಅವರ ಹೆಸರಿನ ಗಣಿತ-ಸಂಖ್ಯಾಶಾಸ್ತ್ರ ಸಂಸ್ಥೆ ಹೈದರಾಬಾದು ವಿಶ್ವವಿದ್ಯಾಲಯದ ಆವರಣದಲ್ಲಿದೆ. ಪ್ರತಿಯೊಂದು ಘಟಕವೂ ಹೀಗೆ ಸ್ವತಂತ್ರವಾಗಿ ಉಳಿಯುವ ಅಥವಾ ನಾಶವಾಗುವ ಸನ್ನಿವೇಶದಲ್ಲಿ, ನಷ್ಟವಾದ ಸಂದರ್ಭಗಳನ್ನೂ ನಷ್ಟವೇ ಆಗದ ಸಂದರ್ಭಗಳನ್ನೂ ಬೇರ್ಪಡಿಸಿ ನೋಡಿದಾಗ ಉಳಿದವುಗಳ ವಿತರಣೆ ಎರಡರಲ್ಲಿಯೂ ಒಂದೇ ಆಗಿದ್ದರೆ, ಮೂಲ ವಿತರಣೆ ಪ್ವಾಸೊನ್ ಆಗಿರಲೇಬೇಕೆಂದು ಅವರು ತೋರಿಸಿದರು.

ಈ ಗುಣ ನಮಗೆ ವರವೂ ಹೌದು, ಎಚ್ಚರಿಕೆಯೂ ಹೌದು. ವರವೇಕೆಂದರೆ, ನಷ್ಟವಾದರೂ ವಿತರಣೆಯ ಆಕಾರ ಕೆಡುವುದಿಲ್ಲ. ಎಚ್ಚರಿಕೆಯೇಕೆಂದರೆ, ದಶಕಕ್ಕೆ ಹನ್ನೆರಡು ಶಾಸನ ಹುಟ್ಟಿ ಕಾಲುಭಾಗ ಉಳಿದರೂ, ಆರು ಹುಟ್ಟಿ ಅರ್ಧ ಉಳಿದರೂ ನಮ್ಮ ಮುಂದಿರುವ ಪಟ್ಟಿ ಒಂದೇ: ಸರಾಸರಿ ಮೂರು. ಉಳಿದವುಗಳನ್ನು ಎಷ್ಟು ಎಣಿಸಿದರೂ ಈ ಎರಡನ್ನು ಬೇರ್ಪಡಿಸಲಾಗದು. ಒಂದು ಸೀಮೆಯಲ್ಲಿ ಶಾಸನಗಳು ವಿರಳವೆಂದಾಗ ಅಲ್ಲಿ ಬರೆಯಿಸಿದವರು ಕಡಮೆಯೋ, ಅಳಿದವು ಹೆಚ್ಚೋ ಎಂಬುದಕ್ಕೆ ಉತ್ತರವನ್ನು ಕ್ಷೇತ್ರಕಾರ್ಯದಿಂದ ಪಡೆಯಬೇಕಲ್ಲದೆ ಪಟ್ಟಿಯಿಂದಲ್ಲ.

ಈಗ ಬರಿದಾದ ದಶಕದ ವಾದವನ್ನು ಅಳೆಯಬಹುದು. ಉಳಿದ ಶಾಸನಗಳ ಸರಾಸರಿ ದಶಕಕ್ಕೆ ಮೂರಾಗಿದ್ದರೆ, ನಿರ್ದಿಷ್ಟವಾದ ಒಂದು ದಶಕ ಆಕಸ್ಮಿಕವಾಗಿ ಬರಿದಾಗುವ ಸಂಭವ ನೂರಕ್ಕೆ 5. ಕಡಮೆಯೆಂದು ತೋರುತ್ತದೆ. ಆದರೆ ಸಂಶೋಧಕನು ಆ ದಶಕವನ್ನು ಮೊದಲೇ ಆರಿಸಿಕೊಂಡದ್ದಲ್ಲ. ಇನ್ನೂರು ವರ್ಷಗಳ ಪಟ್ಟಿಯನ್ನು ಹರಡಿಕೊಂಡು, ಬರಿದಾದದ್ದು ಕಣ್ಣಿಗೆ ಬಿದ್ದ ಮೇಲೆ ಅದರತ್ತ ಬೆರಳು ತೋರಿದ್ದು. ಇಪ್ಪತ್ತು ದಶಕಗಳಲ್ಲಿ ಯಾವುದಾದರೂ ಒಂದು ಬರಿದಾಗಿರುವ ಸಂಭವ ನೂರಕ್ಕೆ 64! ಅಂಥ ಒಂಟಿ ಮೌನದಿಂದ ಅರಾಜಕತೆಯನ್ನು ಊಹಿಸುವುದು ನ್ಯಾಯವಲ್ಲ. ಎರಡು ದಶಕಗಳು ಒತ್ತೊತ್ತಾಗಿ ಬರಿದಾಗಿದ್ದರೆ ಮಾತು ಬೇರೆ. ಇಪ್ಪತ್ತು ದಶಕಗಳಲ್ಲಿ ಎಲ್ಲಾದರೂ ಹಾಗಾಗುವ ಸಂಭವ ನೂರಕ್ಕೆ 5ರ ಒಳಗೆ ಬರುತ್ತದೆ, ವಿವರಣೆ ಹುಡುಕುವುದು ಸಾರ್ಥಕ. ಸರಾಸರಿ ದಶಕಕ್ಕೆ ಒಂದೇ ಆಗಿರುವ ಸೀಮೆಯಲ್ಲಾದರೋ ಮೂರರಲ್ಲಿ ಒಂದಕ್ಕಿಂತ ಹೆಚ್ಚು ದಶಕಗಳು ಬರಿದೇ ಇರುತ್ತವೆ. ಜೋಡಿ ಮೌನವೂ ಅಲ್ಲಿ ಏನನ್ನೂ ಹೇಳುವುದಿಲ್ಲ.

ಸ್ವತಂತ್ರವಾಗಿ ಉಳಿದಿವೆ ಎಂಬ ನಿಬಂಧನೆಯೂ ಪ್ರಶ್ನಾತೀತವಲ್ಲ. ದೇವಾಲಯವೊಂದು ನೆಲಸಮವಾದರೆ ಅದರ ಗೋಡೆಯ ಶಾಸನಗಳೆಲ್ಲ ಒಟ್ಟಿಗೆ ಹೋಗುತ್ತವೆ. ಜಲಾಶಯ ಕಟ್ಟಿದರೆ ಊರಿಗೆ ಊರೇ. ಹುಟ್ಟುವಾಗಲೂ ಹಾಗೆಯೇ: ಒಂದು ತುರುಗಾಳಗ ನಡೆದರೆ ಒಂದೇ ದಿನದ ಹಲವು ವೀರಗಲ್ಲುಗಳು ನಿಲ್ಲಬಹುದು. ಅಲ್ಲಿ ಘಟನೆಯೆಂದು ಎಣಿಸಬೇಕಾದದ್ದು ಕಾಳಗವನ್ನು, ಕಲ್ಲನ್ನಲ್ಲ. ಕಲ್ಲುಗಳನ್ನು ಎಣಿಸಿದರೆ ಚೆದರಿಕೆ ಸರಾಸರಿಯನ್ನು ಬಹುವಾಗಿ ಮೀರುತ್ತದೆ. ಆ ಮೀರಿಕೆಯೇ ಅವು ಗುಂಪಾಗಿ ಹುಟ್ಟಿದವು ಎಂಬುದಕ್ಕೆ ಸುಳಿವು. ತೇದಿಯಿಲ್ಲದೆ ಲಿಪಿಯ ಆಧಾರದಿಂದ ‘ಸು. 12ನೆಯ ಶತಮಾನ’ ಎಂದು ನಮೂದಿಸಿದವನ್ನು ದಶಕಗಳ ಲೆಕ್ಕಕ್ಕೆ ಎಳೆದು ತರುವುದು ಸಲ್ಲದು. ಅವನ್ನು ಹೊರಗಿಟ್ಟು, ಎಷ್ಟನ್ನು ಹೊರಗಿಟ್ಟೆವೆಂದು ಹೇಳಬೇಕು.

ಇಲ್ಲದಿರುವುದನ್ನು ಅಳೆಯಲು ಇನ್ನೊಂದು ಕೈಗಡ ಸೂತ್ರವಿದೆ. ಸರಾಸರಿ ಮೂರಿರುವಾಗ ಶೂನ್ಯದ ಸಂಭವ ನೂರಕ್ಕೆ ಐದು ಎಂಬುದನ್ನು ಮೇಲೆ ಕಂಡೆವಷ್ಟೆ. ಅದನ್ನೇ ತಿರುಗಿಸಿದರೆ, 30,000 ಪದಗಳ ಕೃತಿಯಲ್ಲಿ ಒಂದು ಪದ ಒಮ್ಮೆಯೂ ಕಾಣದಿದ್ದಾಗ, ಕವಿಯಲ್ಲಿ ಅದರ ದರ 10,000ಕ್ಕೆ ಒಂದನ್ನು ಮೀರಿರಲಾರದು ಎಂದಷ್ಟೇ ಶೇಕಡ 95ರ ಭರವಸೆಯಿಂದ ಹೇಳಬಹುದು. ಆ ಪದ ಅವನಿಗೆ ಗೊತ್ತಿರಲಿಲ್ಲ ಎಂದು ಹೇಳಲಾಗದು. ಅವನ ಕಾಲದಲ್ಲಿ ಆ ಪದ ಭಾಷೆಯಲ್ಲಿಯೇ ಇರಲಿಲ್ಲ ಎಂಬುದಂತೂ ಬಹುದೂರದ ಮಾತು.

ಪರೀಕ್ಷೆಗೆ ಒಳಪಡಿಸಿದ ಪದಗಳೆಷ್ಟು ಎಂಬುದನ್ನೂ ಪ್ರಬಂಧದಲ್ಲಿ ನಮೂದಿಸುವುದು ಅಗತ್ಯ. ನೂರು ಪದಗಳನ್ನು ಎಣಿಸಿ ನೋಡಿದವರಿಗೆ, ಯಾವ ವಿಶೇಷವೂ ಇಲ್ಲದ ಕಾವ್ಯದಲ್ಲಿಯೂ, ಐದು ಪದಗಳು ನೂರಕ್ಕೆ ಐದರ ಎಲ್ಲೆಯನ್ನು ದಾಟಿ ಕಾಣುತ್ತವೆ. ಉಳಿದ ತೊಂಬತ್ತೈದನ್ನು ಮರೆಮಾಡಿ ಐದನ್ನು ಮಾತ್ರ ಮುಂದಿಟ್ಟರೆ ಓದುಗರಿಗೆ ಮೋಸವಾಗುತ್ತದೆ, ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ. ಹೊರನಾಡಿನ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರಿಗೆ ಮತ್ತೊಂದು ಸಂಗತಿ ಮುಖ್ಯ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ರೈಸರ ಕಾಲದ ಸಂಪುಟಗಳು ಕೆಲವೆಡೆ ಸಿಕ್ಕರೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳು ಬೇರೆಡೆ ಸಿಗುತ್ತವೆ. ಪರಿಷ್ಕರಣದಲ್ಲಿ ಹೊಸ ಶಾಸನಗಳು ಸೇರಿರುವುದರಿಂದ ಒಂದು ತಾಲ್ಲೂಕನ್ನು ಹಳೆಯ ಸಂಪುಟದಿಂದಲೂ ಪಕ್ಕದ ತಾಲ್ಲೂಕನ್ನು ಹೊಸದರಿಂದಲೂ ಎಣಿಸಿದರೆ ದೊರೆಯುವ ವ್ಯತ್ಯಾಸ ಶೋಧನೆಯ ವ್ಯತ್ಯಾಸವೇ ಹೊರತು ಇತಿಹಾಸದ್ದಲ್ಲ. ಎರಡನ್ನೂ ಒಂದೇ ಆವೃತ್ತಿಯಿಂದ ಎಣಿಸಬೇಕು. ಅದು ಸಿಗದಿದ್ದಲ್ಲಿ ಹೋಲಿಕೆಯನ್ನು ಸದ್ಯಕ್ಕೆ ಕೈಬಿಡಬೇಕು.